ಕರೆಯದ ಟೇಬಲ್

ನೌಪಾಡಾದ ಗೋಖಲೆ ರೋಡಿನಿಂದ ಒಳಗೆ ತಿರುಗಿದರೆ ಸಿಗುವ ಹಳೆಯ ಕಟ್ಟಡವೊಂದರಲ್ಲಿ ನಮ್ಮ ಆಫೀಸು. ಎರಡು ಕೋಣೆ, ಐದು ಜನ. ಐಟಿ ಎಂದರೆ ಐರೋಲಿಯ ಗಾಜಿನ ಕಟ್ಟಡಗಳು ಎಂದುಕೊಂಡವರಿಗೆ ಇದೂ ಒಂದು ಐಟಿ ಕಂಪನಿ ಎಂದು ನಂಬಿಸುವುದೇ ಕಷ್ಟ. ನಾವು ಮಾಡುವುದು ರಕ್ತಪರೀಕ್ಷೆಯ ಲ್ಯಾಬುಗಳಿಗೆ ಬೇಕಾದ ಸಾಫ್ಟ್‌ವೇರ್. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಇರುವ 70 ಕೇಂದ್ರಗಳ ಕಂಪ್ಯೂಟರುಗಳಿಂದ ರಿಪೋರ್ಟುಗಳನ್ನು ತಂದು, ಒಂದೆಡೆ ಸೇರಿಸಿ, ಡಾಕ್ಟರಿಗೂ ರೋಗಿಗೂ ಕಳಿಸಬೇಕು. ತರುವ ಕೆಲಸ ಮಾಡುವ ಪ್ರೋಗ್ರಾಮ್ ಸಿ ಭಾಷೆಯದು. ಈಗ ಅದನ್ನು ನೋಡಿಕೊಳ್ಳುವವನು ನಾನು.

ಅದು ನನ್ನ ಕೈಗೆ ಬಂದದ್ದು ಹೋದ ಮಳೆಗಾಲದಲ್ಲಿ. ಜುಲೈಯ ಒಂದು ಸಂಜೆ ಚಿಕ್ಕಮ್ಮನ ಪ್ಲೇಟ್‌ಲೆಟ್ ರಿಪೋರ್ಟಿಗಾಗಿ ಮನೆಯವರೆಲ್ಲ ಕಾಯುತ್ತಿದ್ದರು. ನಾಲ್ಕು ದಿನದ ಜ್ವರ, ಡೆಂಗ್ಯೂ ಇರಬಹುದೆಂದು ಡಾಕ್ಟರಿಗೆ ಗುಮಾನಿ. ಸಂಖ್ಯೆ ನೋಡಿ ಆಸ್ಪತ್ರೆಗೆ ಸೇರಿಸಬೇಕೋ ಬೇಡವೋ ಹೇಳುತ್ತೇನೆ ಎಂದಿದ್ದರು. ರಕ್ತ ಕೊಟ್ಟದ್ದು ನೌಪಾಡಾದಲ್ಲೇ, ಮನೆಯಿಂದ ಹತ್ತು ನಿಮಿಷದ ದಾರಿ. ಲ್ಯಾಬಿನ ಯಂತ್ರ ಐದು ಗಂಟೆಗೇ ಲೆಕ್ಕ ಕೊಟ್ಟಿತ್ತು. ಏಳೂವರೆಯಾದರೂ ಮೊಬೈಲಿಗೆ ಏನೂ ಬರಲಿಲ್ಲ. ಚಿಕ್ಕಪ್ಪ ಫೋನ್ ಮಾಡಿ, "ನಿಮ್ಮದೇ ಕಂಪನಿ ಅಲ್ವಾ ಮಾರಾಯ, ಎಲ್ಲಿ ನಿಂತಿದೆ ನೋಡು" ಎಂದರು. ನೋಡಿದೆ. ಪ್ರೋಗ್ರಾಮ್ ಕಲ್ಯಾಣದ ಒಂದು ಕೇಂದ್ರದ ಮುಂದೆ ನಿಂತಿತ್ತು. ಮಳೆಗೆ ಅಲ್ಲಿನ ಲೈನ್ ಕೈಕೊಟ್ಟಿತ್ತು. ಪಟ್ಟಿಯಲ್ಲಿ ನೌಪಾಡಾದ ಸರದಿ ಅದರ ನಂತರ.

ಕೊನೆಗೆ ಡಾಕ್ಟರು ಲ್ಯಾಬಿಗೇ ಫೋನ್ ಮಾಡಿ ಸಂಖ್ಯೆ ಕೇಳಿಕೊಂಡರು. ಆಸ್ಪತ್ರೆ ಬೇಕಾಗಲಿಲ್ಲ. ಆದರೆ ಪಟ್ಟಿಯಲ್ಲಿ ನಮ್ಮ ಹಿಂದೆ ಇನ್ನೂ ಎಷ್ಟೋ ಕೇಂದ್ರಗಳಿದ್ದವು, ಎಲ್ಲರ ಡಾಕ್ಟರೂ ಹಾಗೆ ಫೋನ್ ಮಾಡುವುದಿಲ್ಲ. ಮರುದಿನ ಆ ಪ್ರೋಗ್ರಾಮನ್ನು ನನಗೆ ಕೊಡಿ ಎಂದು ನಾನೇ ಕೇಳಿದೆ.

ಒಳಗೆ ಇದ್ದದ್ದು ಲಿಬ್‌ಕರ್ಲ್ ಎಂಬ ಲೈಬ್ರರಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್, ಚಾಟ್ ಕೋಣೆಯೊಂದರಲ್ಲಿ ನಾಣ್ಯ ವಿನಿಮಯದ ದರ ತೋರಿಸಲೆಂದು ಒಂದು ಚಿಕ್ಕ ಪ್ರೋಗ್ರಾಮನ್ನು ಬೆಳೆಸುತ್ತ ಹೋಗಿ, 1998ರಲ್ಲಿ ಕರ್ಲ್ ಎಂಬ ಹೆಸರಿನಲ್ಲಿ ಹೊರತಂದರು. ಇಂದು ಫೋನು, ಟಿವಿ, ಕಾರು ಎಲ್ಲದರಲ್ಲೂ ಅದು ಇದೆ. ಅದನ್ನು ಬಳಸುವ ಸುಲಭದ ದಾರಿಯ ಹೆಸರೂ 'ಈಸಿ' ಎಂದೇ. ಒಂದು ವಿಳಾಸ ಕೊಟ್ಟು 'ಪರ್ಫಾರ್ಮ್' ಎಂದರೆ ಆಯಿತು. ತಂದ ಮೇಲೆ ಅಥವಾ ಸೋತ ಮೇಲೆ ಮಾತ್ರ ಅದು ತಿರುಗಿ ಬರುತ್ತದೆ. ಅಲ್ಲಿಯವರೆಗೆ ನಮ್ಮ ಪ್ರೋಗ್ರಾಮ್ ಆ ಬಾಗಿಲಲ್ಲೇ ನಿಂತಿರುತ್ತದೆ.

ನಿಲ್ಲುವುದೆಂದರೆ ಎಷ್ಟು ಹೊತ್ತು? ಸಂಪರ್ಕವೇ ಸಿಗದಿದ್ದರೆ ಸಾಮಾನ್ಯ ಲಿನಕ್ಸ್ ಕೈಬಿಡುವಷ್ಟರಲ್ಲಿ ಎರಡು ನಿಮಿಷ ದಾಟುತ್ತದೆ. ಸಂಪರ್ಕ ಸಿಕ್ಕ ಮೇಲೆ ಆಚೆಯವರು ಸುಮ್ಮನಾದರೆ ಇನ್ನೂ ಕಷ್ಟ. ನಾವಾಗಿ ಹೇಳದ ಹೊರತು ಇಡೀ ವರ್ಗಾವಣೆಗೆ ಲಿಬ್‌ಕರ್ಲ್ ಯಾವ ಕಾಲಮಿತಿಯನ್ನೂ ಹಾಕುವುದಿಲ್ಲ. ಆ ಸಂಜೆ ಆದದ್ದು ಇದೇ. ಮೊದಲು ಬರೆದವರನ್ನು ದೂರಲಾರೆ. ಅವರ ಕಾಲಕ್ಕೆ ಇದ್ದದ್ದು ಎಂಟೇ ಕೇಂದ್ರ.

ಕೇಂದ್ರಕ್ಕೊಂದು ತ್ರೆಡ್ ಇಟ್ಟರೆ ಮುಗಿಯಿತಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. 70ಕ್ಕೆ ಅದೂ ನಡೆಯುತ್ತದೆ. ಆದರೆ 70 ಜನ ಒಂದೇ ದಾಖಲೆ ಪುಸ್ತಕಕ್ಕೆ ಕೈ ಹಾಕಿದರೆ ಬೀಗ, ಬೀಗಕ್ಕೆ ಕಾಯುವವರು, ಎರಡು ಬೀಗ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುವುದು ಎಲ್ಲ ಶುರುವಾಗುತ್ತದೆ. ಹೆಚ್ಚಿನ ಹೊತ್ತು ಅವರೆಲ್ಲ ಮಾಡುವ ಕೆಲಸವಾದರೂ ಏನು? ಕಾಯುವುದು. ಕಾಯುವುದಕ್ಕೆ 70 ಜನ ಏಕೆ? ಒಬ್ಬ ಸಾಕು.

ಇದು ಚಿಕ್ಕಪ್ಪನಿಗೆ ನಾನು ಹೇಳುವ ಮೊದಲೇ ಗೊತ್ತಿತ್ತು. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದು, ಉಡುಪಿ ಹೋಟೆಲುಗಳಲ್ಲಿ ಮಾಣಿಯಾಗಿ, ಸಪ್ಲಾಯರ್ ಆಗಿ, ಕೊನೆಗೆ ಗಲ್ಲೆಯಲ್ಲಿ ಕೂತು ನಿವೃತ್ತರಾದವರು. ಹನ್ನೆರಡು ಟೇಬಲಿಗೆ ಒಬ್ಬ ಸಪ್ಲಾಯರ್ ಸಾಕಾಗುವುದು ಹೇಗೆ ಎಂದು ಕೇಳಿದೆ. "ಆರ್ಡರ್ ತಗೊಂಡು ಅಡುಗೆಮನೆಗೆ ಕೂಗಿ ಮುಂದಿನ ಟೇಬಲಿಗೆ ಹೋಗುವುದು. ದೋಸೆ ಆಗುವವರೆಗೆ ಕಾವಲಿ ಎದುರು ನಿಂತರೆ ಮಾಲೀಕರು ಆವತ್ತೇ ಲೆಕ್ಕ ಮುಗಿಸುತ್ತಿದ್ದರು" ಎಂದರು.

ಸಿ ಪ್ರೋಗ್ರಾಮುಗಳಿಗೆ ಈ ಸಪ್ಲಾಯರ್ ಕೆಲಸ ಕಲಿಸುವ ಪ್ರಯತ್ನ ಹಳೆಯದು. 1983ರ ಬರ್ಕ್ಲಿ ಯುನಿಕ್ಸಿನಲ್ಲಿ 'ಸೆಲೆಕ್ಟ್' ಬಂತು. ಅದಕ್ಕೆ ಎಲ್ಲ ಟೇಬಲುಗಳ ಪಟ್ಟಿಯನ್ನು ಪ್ರತಿಸಲವೂ ಕೊಡಬೇಕು, ತಿರುಗಿ ಬಂದಾಗ ಯಾರು ಕರೆದರೆಂದು ಒಂದೊಂದಾಗಿ ನೋಡಬೇಕು. ಲಿನಕ್ಸಿನಲ್ಲಿ ಅದರ ಮಿತಿ ಸಾಮಾನ್ಯವಾಗಿ 1024. ಮುಂದೆ ಬಂದ 'ಪೋಲ್' ಆ ಮಿತಿ ತೆಗೆಯಿತು, ಸುತ್ತುವುದು ತಪ್ಪಲಿಲ್ಲ. 2002ರ ಹೊತ್ತಿಗೆ ಲಿನಕ್ಸಿಗೆ ಬಂದ 'ಇ-ಪೋಲ್' ಒಮ್ಮೆ ಪಟ್ಟಿ ಬರೆದಿಟ್ಟುಕೊಂಡು, ಕರೆದವರ ಹೆಸರನ್ನಷ್ಟೇ ಹೇಳುತ್ತದೆ.

ಲಿಬ್‌ಕರ್ಲಿನ 'ಮಲ್ಟಿ ಸಾಕೆಟ್' ದಾರಿ ಇದಕ್ಕೆ ಹೊಂದುವಂಥದು. ಅಲ್ಲಿ ಲಿಬ್‌ಕರ್ಲ್ ತಾನಾಗಿ ಎಲ್ಲೂ ಕಾಯುವುದಿಲ್ಲ. ನಮಗೆ ಎರಡೇ ಮಾತು ಹೇಳುತ್ತದೆ. ಒಂದು, ಈ ಸಾಕೆಟ್‌ಗಳ ಮೇಲೆ ಕಣ್ಣಿಡು, ಇದರಲ್ಲಿ ಓದಲು ಬಂದರೆ ತಿಳಿಸು, ಅದರಲ್ಲಿ ಬರೆಯಲು ಜಾಗವಾದರೆ ತಿಳಿಸು. ಎರಡು, ಯಾರೂ ಕರೆಯದಿದ್ದರೂ ಇಷ್ಟು ಮಿಲಿಸೆಕೆಂಡಿನ ನಂತರ ನನ್ನನ್ನು ಎಬ್ಬಿಸು. ಕಣ್ಣಿಡುವ ಕೆಲಸ ಇ-ಪೋಲಿಗೆ. ಏನಾದರೂ ಆದಾಗ 'ಸಾಕೆಟ್ ಆ್ಯಕ್ಷನ್' ಎಂದು ಕರೆದರೆ, ಲಿಬ್‌ಕರ್ಲ್ ಆ ಹೊತ್ತಿಗೆ ಆಗುವಷ್ಟು ಕೆಲಸ ಮಾಡಿ ತಕ್ಷಣ ತಿರುಗಿ ಬರುತ್ತದೆ. ಮುಗಿದ ವರ್ಗಾವಣೆಗಳನ್ನು ಬೇರೆಯಾಗಿ ಕೇಳಿ ತೆಗೆದುಕೊಳ್ಳಬೇಕು. 70 ಕೇಂದ್ರ, ಒಂದು ತ್ರೆಡ್, ಬೀಗವಿಲ್ಲ.

ಒಂದು ಕಟ್ಟುನಿಟ್ಟು ಮಾತ್ರ ಇದೆ. ಒಬ್ಬನೇ ಸಪ್ಲಾಯರ್ ಇರುವಲ್ಲಿ ಅವನು ಯಾವ ಟೇಬಲಿನಲ್ಲೂ ಕತೆ ಹೇಳುತ್ತ ನಿಲ್ಲಬಾರದು. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ ನನ್ನ ಕರಡು ನೋಡುತ್ತ ಮರಾಠಿಯಲ್ಲಿ ಕೇಳಿದಳು, "ಸರ್, ರಿಪೋರ್ಟಿನ ತುಂಡು ಬಂದಾಗಲೇ ಡೇಟಾಬೇಸಿಗೆ ಬರೆದರೆ, ಡೇಟಾಬೇಸ್ ತಡಮಾಡಿದಾಗ ಎಲ್ಲರೂ ನಿಲ್ಲುವುದಿಲ್ಲವೇ?" ಒಳ್ಳೆಯ ಪ್ರಶ್ನೆ. ಅದಕ್ಕೆಂದೇ ಬಂದದ್ದನ್ನು ನೆನಪಿನಲ್ಲಿ ಕೂಡಿಟ್ಟು, ಬರೆಯುವ ಕೆಲಸವನ್ನು ಬೇರೆ ಪ್ರಕ್ರಿಯೆಗೆ ಒಪ್ಪಿಸುವುದು. ಹೆಸರಿನಿಂದ ವಿಳಾಸ ಹುಡುಕುವುದೂ ಹೀಗೆಯೇ. ಸಿ ಲೈಬ್ರರಿಯ ಮಾಮೂಲು ದಾರಿಯಲ್ಲಿ ಹೋದರೆ ಉತ್ತರ ಬರುವವರೆಗೆ ಎಲ್ಲವೂ ಸ್ತಬ್ಧ. ಲಿಬ್‌ಕರ್ಲ್ ಇದಕ್ಕೆ ಬೇರೆ ತ್ರೆಡ್ಡನ್ನೋ ಸಿ-ಆರೆಸ್ ಲೈಬ್ರರಿಯನ್ನೋ ಬಳಸಬಲ್ಲದು, ನಮ್ಮ ಯಂತ್ರದಲ್ಲಿರುವುದು ಹಾಗೆ ಕಟ್ಟಿದ್ದೇ ಎಂದು ಮೊದಲೇ ನೋಡಿಕೊಳ್ಳಬೇಕು.

ಇಷ್ಟನ್ನು ಚಿಕ್ಕಪ್ಪನಿಗೆ ವಿವರಿಸಿದಾಗ ಅವರು ತಲೆಯಾಡಿಸಿ ಒಂದು ಮಾತು ಸೇರಿಸಿದರು. "ಕರೆದ ಟೇಬಲ್ ಯಾರಿಗೂ ಕಾಣುತ್ತದೆ. ಒಬ್ಬರು ಪ್ರಾಯದವರು ಮೂಲೆಯಲ್ಲಿ ಬಂದು ಕೂತಿರುತ್ತಾರೆ, ಕೈ ಎತ್ತುವುದಿಲ್ಲ, ಕೂಗುವುದಿಲ್ಲ. ಅವರನ್ನು ನೋಡುವವನೇ ಸಪ್ಲಾಯರ್."

ಲಿಬ್‌ಕರ್ಲಿನ ಎರಡನೆಯ ಮಾತಿನ ಬೆಲೆ ನನಗೆ ಪೂರ್ತಿ ಹೊಳೆದದ್ದು ಆಗ. ಘಟನೆಗೆ ಓಗೊಡುವ ಪ್ರೋಗ್ರಾಮಿಗೆ ಸದ್ದು ಮಾಡುವವರು ಮಾತ್ರ ಗೊತ್ತು. ಸತ್ತ ಲೈನು ಸದ್ದು ಮಾಡುವುದಿಲ್ಲ. ಅದರ ಮಟ್ಟಿಗೆ ಅದು ಇಲ್ಲವೇ ಇಲ್ಲ. ಟೈಮರ್ ಇದ್ದರೆ ಮಾತ್ರ ಮೌನವೂ ಒಂದು ಘಟನೆಯಾಗುತ್ತದೆ. ಅದನ್ನು ಜೋಡಿಸದಿದ್ದರೆ ನಾವು ಹಾಕಿದ ಕಾಲಮಿತಿಗಳನ್ನು ನೋಡುವವರೇ ಇರುವುದಿಲ್ಲ.

ಈಗ ಸಂಪರ್ಕಕ್ಕೆ 10 ಸೆಕೆಂಡು ಕೊಟ್ಟಿದ್ದೇವೆ. 30 ಸೆಕೆಂಡು ಏನೂ ಹರಿಯದಿದ್ದರೆ ಆ ವರ್ಗಾವಣೆಯನ್ನು ಬಿಡುತ್ತೇವೆ. ಬಿಟ್ಟದ್ದನ್ನು ಮತ್ತೆ ಪ್ರಯತ್ನಿಸುತ್ತೇವೆ, ಮೂರು ಸಲ ಸೋತರೆ ಆ ಕೇಂದ್ರದ ಹೆಸರು ಆಫೀಸಿನ ಪರದೆಯ ಮೇಲೆ ಕೆಂಪಾಗಿ ಮೂಡುತ್ತದೆ. ಆಗ ನಮ್ಮಲ್ಲೊಬ್ಬರು ಫೋನ್ ಎತ್ತಬೇಕು. ಈ ಕೊನೆಯ ಕೆಲಸಕ್ಕೆ ಪ್ರೋಗ್ರಾಮ್ ಬರೆದಿಲ್ಲ, ಬರೆಯುವ ಯೋಚನೆಯೂ ಇಲ್ಲ.

ಮಳೆ ಜೋರಾದ ದಿನ ಕಲ್ಯಾಣದ ಆ ಕೇಂದ್ರ ಈಗಲೂ ಮೊದಲು ಕೆಂಪಾಗುತ್ತದೆ. ಫೋನ್ ಮಾಡಿದರೆ ಅಲ್ಲಿನ ಹುಡುಗ ತನ್ನ ಮೊಬೈಲಿನ ಇಂಟರ್ನೆಟ್ಟಿಗೆ ಕಂಪ್ಯೂಟರ್ ಜೋಡಿಸುತ್ತಾನೆ, ಐದು ನಿಮಿಷದಲ್ಲಿ ಅವರ ರಿಪೋರ್ಟುಗಳೂ ಬರುತ್ತವೆ. ಅಷ್ಟು ಹೊತ್ತು ಅವರ ಲೈನ್ ಸತ್ತಿತ್ತೆಂಬುದು ಉಳಿದ 69 ಕೇಂದ್ರಗಳಿಗೆ ಗೊತ್ತೂ ಆಗುವುದಿಲ್ಲ.