ಚಾಮರಾಜಪುರಂನಿಂದ ರಾಗಿಯ ಹೊಲಕ್ಕೆ

ಮೈಸೂರಿನ ಚಾಮರಾಜಪುರಂ ರೈಲು ನಿಲ್ದಾಣವು ಬಹು ಚಿಕ್ಕದು. ಸುತ್ತಲೂ ಗೃಹಸ್ಥರ ಮನೆಗಳು. ಹಿತ್ತಿಲ ತೆಂಗಿನ ಮರಗಳ ನಡುವೆ ಗಾಡಿಯು ಬಂದು ನಿಂತು, ನಾಲ್ಕು ಜನರನ್ನು ಇಳಿಸಿ, ನಾಲ್ಕು ಜನರನ್ನು ಹತ್ತಿಸಿಕೊಂಡು ಹೊರಟುಹೋಗುವುದು. ಒಂದು ದಿಕ್ಕಿಗೆ ಹೋದರೆ ನಂಜನಗೂಡು, ಚಾಮರಾಜನಗರ; ಇನ್ನೊಂದು ದಿಕ್ಕಿಗೆ ಮೈಸೂರಿನ ದೊಡ್ಡ ನಿಲ್ದಾಣ, ಅದರಾಚೆ ಶ್ರೀರಂಗಪಟ್ಟಣ, ಮಂಡ್ಯ. ಈ ಎರಡು ದಿಕ್ಕುಗಳಲ್ಲಿಯೂ ನಾವು ಕೈಗೊಂಡ ಒಂದು ಸಣ್ಣ ಪ್ರವಾಸದ ವೃತ್ತಾಂತವನ್ನು ವಾಚಕ ಮಹಾಶಯರ ಮುಂದಿಡಲು ಬಯಸುವೆವು. ಕಾಶಿ ರಾಮೇಶ್ವರಗಳ ಯಾತ್ರೆಯನ್ನು ಬಣ್ಣಿಸುವವರು ಬೇಕಾದಷ್ಟು ಮಂದಿ ಇರುವರು. ನಮ್ಮದು ರಾಗಿಯ ಬೀಜವನ್ನು ಹುಡುಕಿಕೊಂಡು ಹೋದ ಯಾತ್ರೆ.

ನಂಜನಗೂಡಿನಾಚೆಯ ಒಂದು ಹಳ್ಳಿಯಲ್ಲಿ ನಾವು ಹಲವು ವರ್ಷ ಉಪಾಧ್ಯಾಯರಾಗಿದ್ದೆವು. ಅಲ್ಲಿ ತಮ್ಮ ಮನೆಯ ಒಂದು ಭಾಗವನ್ನು ನಮಗೆ ಬಿಟ್ಟುಕೊಟ್ಟಿದ್ದ ಗೌಡರು, ನಾವು ಮೈಸೂರಿಗೆ ವರ್ಗವಾಗಿ ಬಂದ ಮೇಲೂ ಹಳೆಯ ವಿಶ್ವಾಸವನ್ನು ಬಿಡಲಿಲ್ಲ. ಮೆದೆ ಕಿತ್ತು, ಒಕ್ಕಣೆ ಮುಗಿದು, ಮಾಘಮಾಸವು ಬಂದಿತೆಂದರೆ ಒಂದು ಮೂಟೆ ರಾಗಿಯನ್ನು ಗಾಡಿಯಲ್ಲಿ ತಂದು ನಮ್ಮ ಜಗಲಿಯ ಮೇಲಿಳಿಸಿ, ಕಾಫಿ ಕುಡಿದು, ಸಂಜೆಯ ಗಾಡಿಗೆ ಹಿಂದಿರುಗುವರು. ಹಣವನ್ನು ಕೊಟ್ಟರೆ ಮುಟ್ಟುವವರಲ್ಲ. ಆದರೆ 2024ನೆಯ ಮಾಘದಲ್ಲಿ ಗೌಡರು ಬರಿಗೈಯಲ್ಲಿ ಬಂದು ಜಗಲಿಯ ಅಂಚಿನಲ್ಲಿ ಕುಳಿತರು.

“ಹಸ ಮಾರ್‍ಬುಟ್ಟೆ ಕಣ್ ಮೇಷ್ಟ್ರೇ” ಎಂದರು.

ಇದರಲ್ಲಿ ನಮ್ಮ ಪಾಲೂ ಇದ್ದಿತು. 2022ರಲ್ಲಿ ಮಳೆ ಅತಿಯಾಗಿ ಅವರ ರಾಗಿಗೆ ಬೆಂಕಿ ರೋಗ ತಗುಲಿತು. ತೆನೆಯ ಕತ್ತು ಕಪ್ಪಾಗಿ, ಕಾಳು ಕಟ್ಟುವುದಕ್ಕೆ ಮೊದಲೇ ತೆನೆಯೆಲ್ಲ ಜೊಳ್ಳಾಯಿತು. ಓದಿದವರೆಂದು ನಮ್ಮನ್ನು ಕೇಳಿದರು. ಉಪದೇಶ ಮಾಡುವುದು ಉಪಾಧ್ಯಾಯರಿಗೆ ಸಹಜವಾದ ಇನ್ನೊಂದು ರೋಗ. “ಅಜ್ಜನ ಕಾಲದ ಬೀಜವನ್ನು ಬಿಡಿ ಗೌಡರೇ, ಹೊಸ ತಳಿಯನ್ನು ಹಾಕಿ” ಎಂದೆವು. ಅಷ್ಟಕ್ಕೇ ಸುಮ್ಮನಾಗದೆ, ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿ, ಬೇಗ ಮಾಗುವ ಒಂದು ಗಿಡ್ಡ ತಳಿಯ ಬೀಜವನ್ನು ನಾವೇ ಕೊಡಿಸಿದೆವು. ಮರುವರ್ಷ, ಎಂದರೆ 2023ರಲ್ಲಿ, ಮಳೆ ಕೈಕೊಟ್ಟಿತು; ರಾಜ್ಯದ ಬಹುಭಾಗವನ್ನು ಬರಪೀಡಿತವೆಂದು ಸರ್ಕಾರವು ಸಾರಬೇಕಾಯಿತು. ಗಿಡ್ಡ ರಾಗಿಯು ಹೇಗೋ ಮಾಗಿ, ಮನೆಮಂದಿಯ ಊಟಕ್ಕಾಗುವಷ್ಟು ಕಾಳನ್ನು ಕೊಟ್ಟಿತು. ಆದರೆ ಪೈರು ಮೊಣಕಾಲುದ್ದವೂ ಬರಲಿಲ್ಲ. ಹುಲ್ಲಿಲ್ಲ, ಕೊಳ್ಳೋಣವೆಂದರೆ ಸುತ್ತಲ ಊರುಗಳಲ್ಲಿಯೂ ಇಲ್ಲ. ಕೊನೆಗೆ ಕರೆಯುತ್ತಿದ್ದ ಹಸುವನ್ನು ಮಾರಿದರು. ಅದೇ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆಯು ಆಚರಿಸುತ್ತಿದ್ದಿತು. ನಗರಗಳಲ್ಲಿ ಮೇಳಗಳೂ ಮೆರವಣಿಗೆಗಳೂ ನಡೆದಿದ್ದವು.

ಗೌಡರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಹೊರಡುವಾಗ ಮಾತ್ರ, ತಮ್ಮ ಮನೆಯಾಕೆ ಹೇಳಿದುದೆಂದು, “ಹಳೇ ರಾಗಿ ಹಾಕಿದ್ರೆ ಕಾಳು ಹೋದ್ರೂ ಹುಲ್ಲಾದ್ರೂ ದಕ್ಕೋದು ಅಂತಾಳೆ” ಎಂದು ನಕ್ಕರು. ಆ ನಗುವು ನಮ್ಮನ್ನು ಬಹುದಿನ ನಿದ್ರೆಗೆಡಿಸಿತು.

ನಮ್ಮ ಮನೆಗೆ ರಾಗಿಯು ಪ್ರವೇಶಿಸಿದುದೂ ಆ ಹಳ್ಳಿಯಿಂದಲೇ. ಬಾಲ್ಯದಲ್ಲಿ ಅನ್ನವೇ ಪರಬ್ರಹ್ಮವೆಂದು ಬೆಳೆದವರು ನಾವು. ಮುದ್ದೆಯು ಹೊಲದವರ ಆಹಾರವೆಂಬ ಭಾವನೆ ಹಿರಿಯರಲ್ಲಿದ್ದಿತು. ವ್ರೀಹಿಯೂ ನರೆದಲೆಗನೂ ತಾನು ಹೆಚ್ಚು ತಾನು ಹೆಚ್ಚೆಂದು ಜಗಳವಾಡಿ, ಆರು ತಿಂಗಳು ಸೆರೆಯಲ್ಲಿದ್ದು, ಸತ್ತ್ವಗುಂದದ ನರೆದಲೆಗನೇ ಶ್ರೀರಾಮನ ಮೆಚ್ಚುಗೆಯನ್ನು ಪಡೆದ ಕಥೆಯನ್ನು ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಹೇಳಿರುವರಷ್ಟೆ. ಅದನ್ನು ತರಗತಿಯಲ್ಲಿ ರಸವತ್ತಾಗಿ ಪಾಠಮಾಡಿ, ಮನೆಗೆ ಬಂದು ಅನ್ನವನ್ನೇ ಉಣ್ಣುತ್ತಿದ್ದೆವು! ವೈದ್ಯರು ರಕ್ತದ ಸಕ್ಕರೆಯನ್ನು ಅಳೆದು ಕಣ್ಣರಳಿಸಿದ ಮೇಲೆ ಬುದ್ಧಿ ಬಂದಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿರುವುದು. ಬಿಳಿಯ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಿಕ್ಕಿದರೆ ಹೆಚ್ಚು. ನಾರಿನಂಶವೂ ರಾಗಿಯಲ್ಲಿ ಹೇರಳ. ರಾಗಿಯಲ್ಲಿರುವ ಕೆಲವು ಒಗರು ಪದಾರ್ಥಗಳು ಈ ಸತ್ತ್ವವನ್ನೆಲ್ಲ ದೇಹಕ್ಕೆ ಹತ್ತಗೊಡುವುದಿಲ್ಲವೆಂಬುದೂ ನಿಜವೇ. ಮೊಳಕೆ ಕಟ್ಟಿ ಹುರಿದರೆ ಆ ದೋಷವು ಬಹಳಮಟ್ಟಿಗೆ ಕಳೆಯುವುದು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ರಾಗಿಯ ಮೊಳಕೆ ಹಿಟ್ಟಿನ ವಿಷಯವಾಗಿ ಬಹಳ ಕೆಲಸ ಮಾಡಿರುವರು. ಆದರೆ ಕೂಸಿಗೆ ರಾಗಿಯ ಸರಿಯನ್ನು ಮಾಡುವ ಅಜ್ಜಿಯರಿಗೆ ಈ ಮರ್ಮವು ಮೊದಲೇ ಗೊತ್ತಿದ್ದಿತೆಂದು ನಮ್ಮ ಮನೆಯವರ ವಾದ. ವಾದದಲ್ಲಿ ನಾವು ಸೋತೆವು.

ಯುಗಾದಿ ಕಳೆದ ವಾರದಲ್ಲಿ ಒಂದು ಬೆಳಗ್ಗೆ ಚಾಮರಾಜಪುರಂನಲ್ಲಿ ಗಾಡಿ ಹತ್ತಿ, ಮೈಸೂರಿನಲ್ಲಿ ಬದಲಾಯಿಸಿ, ಮಂಡ್ಯಕ್ಕೆ ಹೊರಟೆವು. ಶ್ರೀರಂಗಪಟ್ಟಣದ ಸೇತುವೆಯ ಕೆಳಗೆ ಕಾವೇರಿಯು ಬಂಡೆಗಳ ಸಂದಿನಲ್ಲಿ ಅಡಗಿದಂತಿದ್ದಳು. ಎಂದಿನಂತೆ ಹಸುರಾಗಿರಬೇಕಾದ ಗದ್ದೆಗಳು ಬಯಲಾಗಿ ಬಿದ್ದಿದ್ದವು. ಮಂಡ್ಯದಲ್ಲಿಳಿದು, ಬಸ್ಸಿನಲ್ಲಿ ವಿ.ಸಿ. ಫಾರಂ ತಲುಪುವಾಗ ಹತ್ತು ಗಂಟೆಯ ಬಿಸಿಲು.

ವಿ.ಸಿ. ಎಂದರೆ ವಿಶ್ವೇಶ್ವರಯ್ಯ ನಾಲೆ. ಮೊದಲು ಅದಕ್ಕೆ ಇರ್ವಿನ್ ನಾಲೆಯೆಂದು ಹೆಸರಿದ್ದಿತು. ಕನ್ನಂಬಾಡಿಯ ನೀರು ಮಂಡ್ಯದ ಸೀಮೆಗೆ ಹರಿದಾಗ, ಹೊಸ ನೀರಾವರಿಗೆ ಯಾವ ಬೆಳೆ ಹೇಗೆ ಎಂಬುದನ್ನು ಪರೀಕ್ಷಿಸಲು 1931ರಲ್ಲಿ ಈ ಕ್ಷೇತ್ರವನ್ನು ಸ್ಥಾಪಿಸಿದರು. ಕಬ್ಬಿಗೂ ಬತ್ತಕ್ಕೂ ಹೆಸರಾದ ನಾಲೆಯ ದಡದಲ್ಲಿ, ಮಳೆಯನ್ನೇ ನಂಬಿದ ಬಡವನ ಬೆಳೆಯಾದ ರಾಗಿಗೆ ಹೊಸ ಹುಟ್ಟು ದೊರೆತುದು ಒಂದು ವಿಚಿತ್ರ. ನೀರಿದ್ದಲ್ಲಿ ಬೇಸಗೆಯಲ್ಲಿಯೂ ಒಂದು ಪೈರನ್ನು ತೆಗೆಯಬಹುದು; ಅಂದರೆ ತಳಿ ಮಾಡುವವನಿಗೆ ವರ್ಷಕ್ಕೆ ಎರಡು ತಲೆಮಾರು ಸಿಕ್ಕುವುವು. ನಾವು ಹೋದಾಗ ನಾಲೆಯಲ್ಲಿ ನೀರಿರಲಿಲ್ಲ. ಕೊಳವೆ ಬಾವಿಯ ನೀರಿನಲ್ಲಿ ಬೆಳೆಸಿದ ಒಂದು ಸಣ್ಣ ಪಾತಿಯಲ್ಲಿ ರಾಗಿಯು ತೆನೆ ತುಂಬಿ ನಿಂತಿದ್ದಿತು.

ಅಲ್ಲಿಯ ತರುಣ ವಿಜ್ಞಾನಿಯೊಬ್ಬರು ಮೇಷ್ಟ್ರೆಂಬ ಗೌರವದಿಂದ ನಮ್ಮನ್ನು ಬದುವಿನ ಮೇಲೆ ಕರೆದುಕೊಂಡು ಹೋದರು. ರಾಜನಿಘಂಟಿನಲ್ಲಿ ರಾಗಿಗೆ ಬಹುದಲಕಣಿಶವೆಂದೂ ಗುಚ್ಛಕಣಿಶವೆಂದೂ ಹೆಸರುಗಳಿರುವುವು. ಆ ಶಬ್ದಗಳನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದ ನಮಗೆ, ಗೊಂಚಲು ತೆನೆಯೆಂಬುದರ ಅರ್ಥವು ಅಂದೇ ಕಣ್ಣಿಗೆ ಬಿದ್ದಿತು. ಒಂದು ಸಾಲಿನ ತೆನೆಯು ಬಿಚ್ಚಿದ ಅಂಗೈಯಂತೆ. ಪಕ್ಕದ ಸಾಲಿನದು ಬಿಗಿಹಿಡಿದ ಮುಷ್ಟಿಯಂತೆ. ಹಸರುಕಂಬಿ, ಜೇನುಮುದ್ದೆ, ರುದ್ರಜಡೆ ಎಂದು ನಮ್ಮ ರೈತರು ಕಣ್ಣಾರೆ ಕಂಡು ಇಟ್ಟ ಹೆಸರುಗಳು ಎಷ್ಟು ಸೊಗಸು! ಈಗಿನ ತಳಿಗಳಿಗೆ ಅಕ್ಷರವೂ ಅಂಕೆಯೂ ಸೇರಿದ ಹೆಸರುಗಳನ್ನಿಡುವುದನ್ನು ಕಂಡರೆ ನಮಗೆ ಸ್ವಲ್ಪ ಕೋಪವೇ ಬರುವುದು.

ನಮ್ಮ ಸೀಮೆಯಲ್ಲಿ ರಾಗಿಯ ಸುಧಾರಣೆಯು ಹೆಬ್ಬಾಳದಲ್ಲಿ ಮೊದಲಾಯಿತು. ಕೆನಡಾ ದೇಶದ ಲೆಸ್ಲಿ ಕೋಲ್‌ಮನ್ ಮಹಾಶಯರು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಕಾಲವದು. ರೈತರ ರಾಗಿಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಬೆಳೆಸಿ, ಅವುಗಳಲ್ಲಿ ಉತ್ತಮವಾದುದನ್ನು ಉಳಿಸುವುದು ಆಗಿನ ಕ್ರಮ. ಹೀಗೆ ಎಚ್. 22 ಎಂಬ ತಳಿಯು 1918ರಲ್ಲಿ ಹೊರಬಂದಿತು. ಆದರೆ ಆರಿಸುವುದರಿಂದ ಇದ್ದುದು ಸಿಕ್ಕುವುದೇ ಹೊರತು ಇಲ್ಲದ್ದು ಸಿಕ್ಕದು. ಒಂದು ತಳಿಯ ಗುಣವು ಇನ್ನೊಂದಕ್ಕೆ ಬರಬೇಕಾದರೆ ಎರಡಕ್ಕೂ ಸಂಬಂಧ ಬೆಳೆಸಬೇಕು. ಇಲ್ಲಿಯೇ ರಾಗಿಯ ಹಟ. ಅದರ ಹೂವು ಸಾಸಿವೆಗಿಂತ ದೊಡ್ಡದಲ್ಲ. ಬೆಳಗಿನ ಜಾವಕ್ಕೆ ಮೊದಲೇ ಅರಳಿ, ತನ್ನ ಪರಾಗವನ್ನು ತಾನೇ ಸ್ವೀಕರಿಸಿ, ನಾವು ಹಾಸಿಗೆ ಬಿಟ್ಟೇಳುವಷ್ಟರಲ್ಲಿ ಕಾರ್ಯವನ್ನು ಮುಗಿಸಿರುವುದು. ಒಂದು ಗ್ರಾಂ ತೂಕಕ್ಕೆ ಮುನ್ನೂರಕ್ಕೂ ಹೆಚ್ಚು ಕಾಳು ಬೇಕಾಗುವ ಧಾನ್ಯದ ಹೂವಿನಿಂದ ಕೇಸರಗಳನ್ನು ಚಿಮಟದಲ್ಲಿ ಕೀಳುವುದೆಂದರೇನು!

ಅದಕ್ಕೊಂದು ಉಪಾಯವನ್ನು ಕಂಡುಕೊಂಡಿರುವರು. ಗಂಡಾಗತಕ್ಕ ತೆನೆಯನ್ನೂ ಹೆಣ್ಣಾಗತಕ್ಕ ತೆನೆಯನ್ನೂ ಹೂಬಿಡುವ ಮೊದಲೇ ಒಟ್ಟಿಗೆ ಕಟ್ಟಿ, ಮೇಲೆ ಕಾಗದದ ಚೀಲವನ್ನು ತೊಡಿಸುವರು. ನೂರು ಕಾಳುಗಳಲ್ಲಿ ಒಂದೆರಡು ಬೆರೆತರೆ ಪುಣ್ಯ. ಆ ಒಂದೆರಡನ್ನು ಗುರುತಿಸುವುದು ಹೇಗೆ? ಗಂಡು ತಳಿಯು ಗಿಣ್ಣಿನಲ್ಲಿ ನೇರಳೆ ಬಣ್ಣವುಳ್ಳದ್ದಾಗಿಯೂ ಹೆಣ್ಣು ತಳಿಯು ಹಸುರು ಗಿಣ್ಣಿನದಾಗಿಯೂ ಇರುವಂತೆ ಆರಿಸಿಕೊಳ್ಳುವರು. ಹೆಣ್ಣಿನ ತೆನೆಯ ಕಾಳನ್ನೆಲ್ಲ ಬಿತ್ತಿ, ಹಸುರು ಸಸಿಗಳ ಮಧ್ಯೆ ನೇರಳೆಯ ಗಿಣ್ಣು ಕಂಡರೆ ಅದೇ ಸಂಕರ. ಅಲ್ಲಿಂದ ಮುಂದೆ, ಒಂದು ತಳಿಯು ನೆಲೆಗೊಂಡು ರೈತನ ಕೈ ಸೇರುವುದಕ್ಕೆ ಎಂಟು ಹತ್ತು ವರ್ಷ ಹಿಡಿಯುವುದು.

ಈ ಕೆಲಸದಲ್ಲಿ ಆಯುಷ್ಯವನ್ನೇ ಸವೆಸಿದವರು ಲಕ್ಷ್ಮಣಯ್ಯನವರು. 1921ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಈ ಮಹನೀಯರನ್ನು ಜನರು ರಾಗಿ ಲಕ್ಷ್ಮಣಯ್ಯನೆಂದೂ ರಾಗಿ ಬ್ರಹ್ಮನೆಂದೂ ಕರೆದರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಇವರ ಮೊದಮೊದಲ ತಳಿಗಳು. (ಇವರು ಹೆಸರಿಡುವುದರಲ್ಲಿಯೂ ರಸಿಕರು!) ಆಮೇಲೆ ಇವರ ದೃಷ್ಟಿಯು ಆಫ್ರಿಕದ ಕಡೆಗೆ ತಿರುಗಿತು. ರಾಗಿಯ ಮೂಲಸ್ಥಾನವು ಪೂರ್ವ ಆಫ್ರಿಕದ ಎತ್ತರದ ಸೀಮೆ. ಅಲ್ಲಿಂದ ಸಹಸ್ರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದು ನಮ್ಮದೇ ಆಗಿಹೋದ ಧಾನ್ಯವಿದು. ಅಲ್ಲಿಯೇ ಉಳಿದ ದಾಯಾದಿಗಳಿಗೆ ದಪ್ಪ ತೆನೆ, ಗಟ್ಟಿ ದಂಟು, ಬೆಂಕಿ ರೋಗವನ್ನು ತಡೆಯುವ ಶಕ್ತಿ; ಆದರೆ ಮಾಗುವುದು ಬಹಳ ನಿಧಾನ. ನಮ್ಮ ರಾಗಿಯು ನಮ್ಮ ಮಳೆಗೆ ಒಗ್ಗಿದುದು. ಎರಡನ್ನೂ ಕೂಡಿಸಿ ಲಕ್ಷ್ಮಣಯ್ಯನವರು ಹೊರತಂದ ತಳಿಗಳಿಗೆ ಇಂಡಿಯ, ಆಫ್ರಿಕಗಳ ಹೆಸರಿನ ಮೊದಲ ಅಕ್ಷರಗಳಿಂದ ಇಂಡಾಫ್ ಎಂದು ಹೆಸರಾಯಿತು. ನಾವು ಚಿಕ್ಕವರಾಗಿದ್ದಾಗ, 1970ರ ದಶಕದಲ್ಲಿ, ಊರಿನ ಕಣದಲ್ಲಿ ಆ ಮುಷ್ಟಿಯಂಥ ತೆನೆಯನ್ನು ಕೈಯಿಂದ ಕೈಗೆ ದಾಟಿಸಿ ಹಿರಿಯರು ನೋಡುತ್ತಿದ್ದುದು ನೆನಪಿರುವುದು.

ನಾವು ಹಸುವಿನ ಕಥೆಯನ್ನು ಹೇಳಿದೆವು. ತರುಣರು ಕೇಳಿದ ಮೊದಲ ಪ್ರಶ್ನೆ: “ಗೌಡ್ರು ಬಿತ್ತಿದ್ದು ಯಾವಾಗ ಮೇಷ್ಟ್ರೇ?” ಜುಲೈಯಲ್ಲಿ ಎಂದೆವು. ಅವರು ತಲೆಯಾಡಿಸಿದರು. ಬೇಗ ಮಾಗುವ ತಳಿಗಳು ಮಳೆ ತಡವಾಗಿ ಆಗಸ್ಟಿನಲ್ಲಿ ಬಿತ್ತಬೇಕಾದಾಗ ಕೈಹಿಡಿಯತಕ್ಕವು. ಜುಲೈಯಲ್ಲಿಯೇ ಬಿತ್ತುವವರು ನೂರಹತ್ತು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಹೊಲದಲ್ಲಿ ನಿಲ್ಲುವ ತಳಿಯನ್ನು ಹಾಕಿದರೆ ಕಾಳೂ ಹೆಚ್ಚು, ಹುಲ್ಲೂ ಹೆಚ್ಚು. ತಮ್ಮ ಪ್ರಯೋಗಗಳಲ್ಲಿ ಕಾಳಿನೊಡನೆ ಹುಲ್ಲನ್ನೂ ತೂಗಿ ಪುಸ್ತಕದಲ್ಲಿ ಬರೆದಿಡುವರಂತೆ. ಹೊಸ ತಳಿಯೆಂದರೆ ಒಂದೇ ವಸ್ತುವೆಂದು ತಿಳಿದು ಅಂಗಡಿಗೆ ಹೋದ ನಮ್ಮ ಪಾಂಡಿತ್ಯವು ಆ ಬದುವಿನ ಮೇಲೆಯೇ ಇಳಿದುಹೋಯಿತು.

ಅವರು ಹೇಳಿದ ಎರಡು ತಳಿಗಳು ಜಿ.ಪಿ.ಯು. 28 ಮತ್ತು ಎಂ.ಎಲ್. 365, ಎರಡೂ ಬೆಂಕಿ ರೋಗವನ್ನು ತಾಳಿಕೊಳ್ಳತಕ್ಕವು. ಅವುಗಳ ವಂಶವನ್ನು ಕೇಳಿದಾಗ ನಮಗೆ ಪ್ರವರವನ್ನೇ ಕೇಳಿದಂತಾಯಿತು. ಮೊದಲನೆಯದರ ಪೂರ್ವಿಕರು ಇಂಡಾಫ್ 5, ಇಂಡಾಫ್ 9 ಮತ್ತು ಆಫ್ರಿಕದಿಂದ ಬಂದ 1012ನೆಯ ಸಂಖ್ಯೆಯ ಒಂದು ರಾಗಿ. ಎರಡನೆಯದರ ತಂದೆತಾಯಿಗಳು ಅದೇ 1012 ಮತ್ತು ಅದೇ ಇಂಡಾಫ್ 5. ಲಕ್ಷ್ಮಣಯ್ಯನವರು ತೀರಿಕೊಂಡ ಮೇಲೂ ಅವರ ಸಂತತಿಯು ಹೊಲಗಳಲ್ಲಿ ಬೆಳೆಯುತ್ತಲಿದೆ. ಒಗರು ಕಡಮೆಯಾದ ಬಿಳಿಯ ರಾಗಿ ಕೆ.ಎಂ.ಆರ್. 340 ಈ ಮಂಡ್ಯದಲ್ಲಿಯೇ ಹುಟ್ಟಿದುದು. ಸುಣ್ಣಾಂಶವನ್ನು ನೂರು ಗ್ರಾಮಿಗೆ 428 ಮಿಲಿಗ್ರಾಂವರೆಗೆ ಏರಿಸಿದ ಇಂದ್ರಾವತಿ ಎಂಬ ತಳಿಯನ್ನು 2020ರಲ್ಲಿ ದೇಶಕ್ಕೆ ಕೊಟ್ಟಿರುವರು. ಇದರ ಹೆಸರಂತೂ ನಮಗೆ ಒಪ್ಪಿಗೆ.

ಒಂದೆಕರೆಗೆ ಸಾಕಾಗುವ ಐದು ಕಿಲೋ ಎಂ.ಎಲ್. 365 ಬೀಜವನ್ನು ಕೊಂಡೆವು. “ಮುಂದಿನ ವರ್ಷ ಮತ್ತೆ ಕೊಳ್ಳಬೇಕೇ?” ಎಂದು ಕೇಳಿದುದಕ್ಕೆ, “ಬೇಡಿ ಮೇಷ್ಟ್ರೇ, ಬೆರಕೆಯಾಗದಂತೆ ನೋಡಿಕೊಂಡರೆ ಕೆಲವು ವರ್ಷ ಮನೆಯ ಬೀಜವೇ ಆದೀತು” ಎಂದರು. ತನ್ನ ಹೂವಿಗೆ ಅನ್ಯರನ್ನು ಬಿಟ್ಟುಕೊಳ್ಳದ ರಾಗಿಯ ಹಟವು ತಳಿ ಮಾಡುವವರನ್ನು ಕಾಡಿತು. ರೈತನಿಗೆ ಮಾತ್ರ ಅದೇ ವರವಾಯಿತು.

ಮರುದಿನ ಚಾಮರಾಜಪುರಂನಿಂದ ಇನ್ನೊಂದು ದಿಕ್ಕಿನ ಗಾಡಿ ಹತ್ತಿ ಹಳ್ಳಿಗೆ ಹೋದೆವು. ಬರಿದಾದ ಕೊಟ್ಟಿಗೆಯನ್ನು ದಾಟಿಯೇ ಒಳಗೆ ಹೋಗಬೇಕು. ಗೌಡರ ಮನೆಯಾಕೆ ನಮ್ಮ ಚೀಲವನ್ನು ನೋಡಿ ಏನೂ ಹೇಳದೆ, ಒಳಗಿನಿಂದ ಬೂದಿ ಬೆರೆಸಿ ಬಾಯಿ ಕಟ್ಟಿದ್ದ ಒಂದು ಮಡಕೆಯನ್ನು ತಂದಿಟ್ಟರು. ಹಳೆಯ ರಾಗಿಯ ಬೀಜ! ನಾವು ಬಿಡಿಸಿದ್ದೆವೆಂದುಕೊಂಡಿದ್ದ ಬೀಜವನ್ನು ಅವರು ಬಿಟ್ಟೇ ಇರಲಿಲ್ಲ. “ಎರಡೂ ಹಾಕ್ಲಿ, ಅರ್ಧ ಇದು ಅರ್ಧ ಅದು” ಎಂಬುದು ಅವರ ತೀರ್ಪು. ಗೌಡರೂ ನಾವೂ ಒಪ್ಪಿದೆವು.

2024ರ ಮುಂಗಾರು ಚೆನ್ನಾಗಿ ಹಿಡಿಯಿತು. ಮಾಘದಲ್ಲಿ ಗೌಡರು ಬಂದಾಗ ಹೆಗಲ ಮೇಲೆ ಎರಡು ಸಣ್ಣ ಮೂಟೆಗಳು. ಒಂದರ ಬಾಯಿಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿಯದು. ಯಾವುದು ಯಾವುದೆಂದು ಹೇಳದೆ ಎರಡನ್ನೂ ಬೀಸಿಸಿ ಮುದ್ದೆ ಮಾಡಿಸಿದರು. ನಮಗೆ ಭೇದವು ತಿಳಿಯಲಿಲ್ಲ. ನಮ್ಮ ಮನೆಯವರು ಮಾತ್ರ ಬಿಳಿಯ ದಾರದ್ದೇ ರುಚಿಯೆಂದರು, ಅದು ಹಳೆಯದು. ಆದರೆ ಕಾಳು ಕೆಂಪು ದಾರದ ಪಟ್ಟೆಯಲ್ಲಿ ಹೆಚ್ಚು ಬಂದಿತಂತೆ.

“ಹುಲ್ಲು?” ಎಂದು ನಾವು ಅಂಜುತ್ತಲೇ ಕೇಳಿದೆವು.

ಗೌಡರು ಕೈಯನ್ನು ತಮ್ಮ ಸೊಂಟಕ್ಕಿಂತ ಮೇಲೆ ಹಿಡಿದು ತೋರಿಸಿದರು. “ಎರಡ್ರದ್ದೂ ಸೇರಿ ಬಣವೆ ಆಗದೆ. ಮುಡುಕುತೊರೆ ಜಾತ್ರೇಲಿ ಒಂದು ಹಸ ನೋಡ್ಬೇಕು ಅಂತಿವ್ನಿ. ನೀವೂ ಬನ್ನಿ ಮೇಷ್ಟ್ರೇ. ಆದ್ರೆ ಯಾವ ಹಸ ಅಂತ ಮಾತ್ರ ನೀವು ಹೇಳ್ಬೇಡಿ” ಎಂದು ನಕ್ಕು, ಕಾಫಿಯ ಲೋಟವನ್ನು ಕೆಳಗಿಟ್ಟು, ಸಂಜೆಯ ಗಾಡಿಗೆ ಹೊರಟರು.