ಮಿರಜ ಕಡೆ ಮೊದಲ ಸಲ ಎತ್ತಿನಗಾಡಿ ಶರ್ಯತ್ತು: ಧೂಳು, ಭಡಂಗ್, ಖಿಲಾರಿ ಹೋರಿ

ಕಾಮೆಂಟ್‌ನ್ಯಾಗ ಒಂದ ಸಮನ ಕೇಳಾಕತ್ತಿದ್ರಿ, "ಅಣ್ಣಾ, ಸಾಂಗಲಿ ಕಡೆ ಶರ್ಯತ್ತ ತೋರಸ್ರಿ" ಅಂತ. ಬಂದೀವಿ ನೋಡ್ರಿ. ಮಿರಜ ಜಂಕ್ಷನ್ ಹೊರಗ ಚಹಾ 10 ರೂಪಾಯಿ, ಎರಡ ಗುಟುಕಿಗೆ ಖಾಲಿ. ಮೊದಲ ಇಲ್ಲಿ ಸಿತಾರ ಮಾಡೂ ಅಂಗಡಿ ಓಣಿ ನೋಡಿ, ಆಮ್ಯಾಲ ಮೈದಾನಕ್ಕ ಹೋಗೂದಿತ್ತು. ಆಟೋದ ಕಾಕಾ ಅಂದ್ರು, "ಹತ್ತಕ್ಕ ಮೊದಲ ಗಟ, ಅಂದ್ರ ಮೊದಲ ಗುಂಪಿನ ಗಾಡಿ, ಬಿಡ್ತಾರ, ಈಗ ನಡೀರಿ." ಸಿತಾರ ಕ್ಯಾನ್ಸಲ್. ಆಟೋ 250.

ಈಗ ಹನ್ನೊಂದೂವರಿ. ಒಂದ ಗಾಡೀನೂ ಬಿಟ್ಟಿಲ್ಲ. ಮೈಕ್‌ನ್ಯಾಗ ಒಬ್ಬಾಂವ ಮರಾಠಿಯೊಳಗ ಹೋರಿ ಹೆಸರು, ಮಾಲಕರ ಹೆಸರು ಒದರಾಕತ್ತಾನ, ಕಿವಿ ಗುಂಯ್ ಅಂತಾವ. ನೆರಳಂತೂ ಕೇಳಬ್ಯಾಡ್ರಿ.

ಆದ್ರ ಇಲ್ಲಿ ನೋಡ್ರಿ... ಭಡಂಗ್! ಕ್ಯಾಮೆರಾ ಹತ್ರ ತಾರಲೇ. ಸಾಂಗಲಿ ಭಡಂಗ್ ಪ್ಯಾಕೆಟ್‌ನ್ಯಾಗ ನೀವೆಲ್ಲಾ ತಿಂದೀರಿ, ಅದನ್ನ ಮರತಬಿಡ್ರಿ. ಚುರಮರಿ ಹುರದ ಇನ್ನೂ ಬಿಸಿ ಐತಿ. ಬಳ್ಳೊಳ್ಳಿ ಸಿಪ್ಪಿ ಸಮೇತ ಜಜ್ಜಿ ಎಣ್ಣ್ಯಾಗ ಕೆಂಪಗ ಮಾಡ್ಯಾರ, ಕರಿಬೇವು ಕೈಯಾಗ ಹಿಡದ್ರ ಪುಡಿ ಆಗತೈತಿ, ಶೇಂಗಾ ಕೈ ಬಿಚ್ಚಿ ಹಾಕ್ಯಾರ. ಮ್ಯಾಲ ಉಳ್ಳಾಗಡ್ಡಿ, ಲಿಂಬಿ. ಪ್ಲೇಟ್ 30. ಖಾರ ಮೊದಲ ಗೊತ್ತಾಗಂಗಿಲ್ಲ, ನಾಕನೇ ತುತ್ತಿಗೆ ಮೂಗಿನ್ಯಾಗ ನೀರು. ಇನ್ನೊಂದ ಪ್ಲೇಟ್ ಹಾಕ್ರಿ ಮಾವಶಿ! ಬಾಜೂಕ ವಡಾಪಾವ್ 20, ಚಲೋನ ಐತಿ, ಆದ್ರ ಈ ಭಡಂಗ್ ಮುಂದ ಏನೂ ಅಲ್ಲ. ಅರ್ಧಾ ಕಿಲೋ ಕಟ್ಟಿಸಿದ್ವಿ, 120. ಬಸ್ಸಿನ್ಯಾಗ ಉಳಿಯೂದು ಡೌಟ್.

ಗಾಡಿ ಬಿಡೂತನಾ ಹೋರಿ ನೋಡೂಣು ಬರ್ರಿ. ಜತ್ತ ಕಡೆ ಕಾಕಾ ಒಬ್ಬರು ಸಿಕ್ರು, ಅಚ್ಚ ಕನ್ನಡ. ಟೆಂಪೋ ನೆರಳಿನ್ಯಾಗ ಬಿಳಿ ಖಿಲಾರಿ ಮಲಗೇತಿ, ಬೆನ್ನ ಮ್ಯಾಲ ಹಸಿ ಗೋಣಿತಟ್ಟ. ಕಾಕಾ ತುಟಿ ಎತ್ತಿ ತೋರಿಸಿದ್ರು: ಇನ್ನೂ ಹಾಲಹಲ್ಲು. ಇದಕ್ಕ 'ಆದತ್' ಅಂತಾರ. ಎರಡ ಹಲ್ಲ ಬಂದ್ರ 'ದುಸಾ'. ಶರ್ಯತ್ತಿನ್ಯಾಗ ಇವಕ್ಕ ಬ್ಯಾರೆ ಬ್ಯಾರೆ ಓಟ. "ಇದರ ರೇಟ್ ಎಷ್ಟ್ರೀ ಕಾಕಾ?" ಅಂದೆ. ನಕ್ಕರು. "ಮನಿ ಮಗನ ರೇಟ್ ಕೇಳ್ತಿಯೇನೋ?" ಸುಮ್ಮನಾದೆ.

ಬಹುಮಾನದ ಮಾತ ಹೇಳಬೇಕಂದ್ರ, 2025ರ ನವೆಂಬರ್‌ನ್ಯಾಗ ಇದ ಸಾಂಗಲಿ ಜಿಲ್ಲಾದ ಬೋರಗಾವದಾಗ ಗೆದ್ದ ಜೋಡಿಗೆ ಫಾರ್ಚೂನರ್ ಕೊಟ್ಟಿದ್ದು ರೀಲ್ಸ್‌ನ್ಯಾಗ ನೋಡಿರಬೇಕು. ಇಲ್ಲಿ ಬೈಕ್.

ಬಿಟ್ರು ಬಿಟ್ರು! ಝೆಂಡಾ ಬಿತ್ತು! ಗಟದಾಗ ಆರೇಳು ಗಾಡಿ, ಒಂದೊಂದಕ್ಕ ತನ್ನ ಸಾಲು. ಗಾಡಿ ಅಂದ್ರ ಎರಡ ಗಾಲಿ, ನಾಕ ಕಟ್ಟಿಗಿ, ಅಷ್ಟ. ಪುಣೆ ಕಡೆ ಘಾಟಿನ ಓಟದಾಗ ಮುಂದ ಕುದರಿ ಓಡತೈತಿ, ಇಲ್ಲಿ ಅದೂ ಇಲ್ಲ, ಹೋರಿ ತಾವ ದಾರಿ ನೋಡಬೇಕು. ಕಾಯ್ದೇದಾಗ ಬಾರಕೋಲ ಬಂದ್, ಟ್ರ್ಯಾಕ್ 1000 ಮೀಟರ್ ದಾಟಂಗಿಲ್ಲ. ಡ್ರೈವರ್ ಗಾಡಿ ಮ್ಯಾಲ ಬಗ್ಗಿ ಬರೇ ಒದರತಾನ... ಮುಗೀತು! ಹೌದ್ರೀ, ಮುಗೀತು. ನನ್ನ ಕ್ಯಾಮೆರಾದಾಗ ಧೂಳ ಬಿಟ್ರ ಏನಿಲ್ಲ. ಯಾರ ಗೆದ್ರು ಅಂತ ವಿಡಿಯೋ ಹಿಂದ ಮುಂದ ಮಾಡಿ ಪಂಚರು ನೋಡಾಕತ್ತಾರ, ಇತ್ತಾಗ ಜಗಳ ಚಾಲೂ.

ಎರಡನೇ ಗಟದಾಗ ಒಂದ ಜೋಡಿ ಸಾಲು ಬಿಟ್ಟು ಸೀದಾ ಜನದಾಗ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ, ದೇವರ ಪುಣ್ಯ. ನಮ್ಮ ಕ್ಯಾಮೆರಾ ತಮ್ಮ ಟ್ರ್ಯಾಕ್ಟರ್ ಏರಿದಾಂವ ಇನ್ನೂ ಇಳಿದಿಲ್ಲ.

ಸಂಜಿಕ ಸಾಂಗಲಿಯ ಆಯರ್ವಿನ್ ಪೂಲಿನ ಮ್ಯಾಲ ಕೃಷ್ಣಾ ನದಿ ಶಾಟ್ ತಗೀಬೇಕಿತ್ತು. ಫೈನಲ್‌ಗೆ ಕತ್ತಲಾಗತೈತಿ ಅಂತಾರ, ತಲಿ ಹಿಡದೈತಿ, ಫೋನ್ 9 ಪರ್ಸೆಂಟ್. ಪೂಲೂ ಇಲ್ಲ, ಫೈನಲ್ಲೂ ಇಲ್ಲ, ಸೀದಾ ಮಿರಜ ಬಸ್ ಸ್ಟ್ಯಾಂಡ್.

ನೀವು ಬರೂದಿದ್ರ ಟೋಪಗಿ, ನೀರು, ಪವರ್ ಬ್ಯಾಂಕ್ ತರ್ರಿ. ಓಟಕ್ಕಿಂತ ಮೊದಲ ಟೆಂಪೋ ನಿಲ್ಲೂ ಕಡೆ ಹೋಗಿ ಹೋರಿ ನೋಡ್ರಿ, ಅಲ್ಲೇ ಮಜಾ ಐತಿ. ಹುಡುಗರನ್ನ ಕರಕೊಂಡ ಬಂದ್ರಂತೂ ಟ್ರ್ಯಾಕಿನ ಬಾಜೂಕ ನಿಲ್ಲಿಸಬ್ಯಾಡ್ರಿ.