ನಾಲಗೆಗೊಂದು ಸಾಲು, ಕಣ್ಣಿಗೊಂದು ಸಾಲು

ಮನೆಯಲ್ಲಿ ನಾಲ್ಕು ವರ್ಷದ ಮಗುವಿದ್ದರೆ, ಬಂದ ನೆಂಟರು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುವ ಮಾತೊಂದಿದೆ: ‘ಪುಟ್ಟಾ, ಅ ಆ ಇ ಈ ಬರುತ್ತಾ?’ ಪುಟ್ಟ ಎದೆಯುಬ್ಬಿಸಿ ನಿಂತು ಅಂ ಅಃವರೆಗೂ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಎಲ್ಲರಿಗೂ ಸಂತೋಷ. ಆಮೇಲೆ ಪೇಪರಿನ ದಪ್ಪಕ್ಷರದಲ್ಲಿ ಒಂದು ‘ಈ’ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿ ನೋಡಿ. ಮಗು ಒಂದು ಸಲ ಸೂರು ನೋಡುತ್ತದೆ, ಮತ್ತೆ ಅ ಇಂದ ಹಾಡಲು ಶುರು ಮಾಡುತ್ತದೆ, ಹಾಡಿನ ಓಟದಲ್ಲಿ ಈ ದಾಟಿ ಎಲ್ಲೋ ಹೋಗಿಬಿಡುತ್ತದೆ. ದೊಡ್ಡವರು ಸಪ್ಪಗಾಗುತ್ತಾರೆ. ಸಪ್ಪಗಾಗುವಂಥದ್ದೇನೂ ಇಲ್ಲಿಲ್ಲ. ಮಗುವಿಗೆ ಬಂದಿರುವುದು ಹಾಡು. ಅಕ್ಷರದ ಗುರುತು ಹಿಡಿಯುವುದು ಬೇರೆಯೇ ವಿದ್ಯೆ.

ಹಾಡಿನ ಬೆಲೆ ಕಡಿಮೆಯೇನಲ್ಲ. ನಮ್ಮ ವರ್ಣಮಾಲೆಯ ಜೋಡಣೆ ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಕ ವರ್ಗ ಗಂಟಲಿನ ಹತ್ತಿರ ಹುಟ್ಟುತ್ತದೆ, ಚ ವರ್ಗ ಅಂಗುಳಲ್ಲಿ, ಟ ವರ್ಗ ನಾಲಗೆ ಮೇಲಕ್ಕೆ ಮಡಚಿದಾಗ, ತ ವರ್ಗ ಹಲ್ಲಿಗೆ ತಾಗಿ, ಪ ವರ್ಗ ತುಟಿಯಲ್ಲಿ. ಒಳಗಿಂದ ಹೊರಕ್ಕೆ ಹೀಗೆ ಇಪ್ಪತ್ತೈದು ಅಕ್ಷರ! ಪಟ್ಟಿಯಲ್ಲಿ ಚಿತ್ರವಿಲ್ಲದೆ ಕೂರುವ ಆ ಙ ಕೂಡ ‘ಅಂಕ’ ಅಂತ ನಿಧಾನವಾಗಿ ಹೇಳಿದರೆ ಮೂಗಿನಲ್ಲಿ ಸಿಕ್ಕಿಬಿಡುತ್ತದೆ. ಇದು ನಾಲಗೆಗೆಂದು ಕಟ್ಟಿದ ಸಾಲು. ಮಕ್ಕಳು ಇದನ್ನು ಇದೇ ಸಾಲಿನಲ್ಲಿ, ಜೋರಾಗಿ, ಕುಣಿದುಕೊಂಡು ಹಾಡಲಿ. ಆದರೆ ಕಣ್ಣಿಗೆ ಬೇರೆ ಸಾಲು ಬೇಕು. ಹಾಡಿನಲ್ಲಿ ಮೊದಲು ಬರುವ ಅ ಬರೆಯುವುದಕ್ಕೆ ಎಷ್ಟು ಸುತ್ತು, ಎಷ್ಟು ತಿರುವು! ಇ, ಈ, ಋ ಅಂತೂ ಇನ್ನೂ ಕಷ್ಟ. ಅದೇ ರ, ಗ, ಸ ನೋಡಿ, ಎಷ್ಟು ಸರಳ.

ಈ ಸಂಗತಿ ನಮ್ಮ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ನಮ್ಮ ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಕಲಿಕೆ ಶುರುವಾಗುವುದು ರ ಗ ಸ ದ ಅ ಗುಂಪಿನಿಂದ. ಆಮೇಲೆ ಜ ವ ಮ ಬ ನ. ಮೊದಲ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ. ಕಾಗುಣಿತ ಬೇಡ, ಒತ್ತಕ್ಷರ ಬೇಡ, ಮಗು ಮೊದಲ ವಾರಗಳಲ್ಲೇ ನಿಜವಾದ ಪದ ಓದಿರುತ್ತದೆ. ಇದೇ ಸಾಲಿನಲ್ಲಿ, ಆಟದ ಮೂಲಕ ಪಾಠ ಹೇಳುವ ‘ನಲಿ-ಕಲಿ’ ಮೊದಲಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿಂದ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಶಾಲೆಗೆ ಹೋಗುವ ಮುಂಚೆ ಮನೆಯಲ್ಲಿ ಅಕ್ಷರ ತೋರಿಸುವವರಿಗೂ ಈ ದಾರಿಯೇ ಸುಗಮ.

ಒಂದು ಎಚ್ಚರ ಬೇಕು: ಒಂದೇ ಮುಖದ ಅಕ್ಷರಗಳನ್ನು ಒಟ್ಟಿಗೆ ತರಬಾರದು. ರ ಹೊಟ್ಟೆಯೊಳಗೆ ಚುಕ್ಕಿ ಇಟ್ಟರೆ ಠ. ಪ ಹೊಟ್ಟೆ ಸೀಳಿದರೆ ಷ, ಕೆಳಗೆ ಸಣ್ಣ ಗೀಟು ಹಾಕಿದರೆ ಫ. ಮ, ಯ ಅಂತೂ ಒಂದೇ ತಾಯಿಯ ಮಕ್ಕಳು. ನಮ್ಮ ಕಣ್ಣು ಇವುಗಳಲ್ಲಿ ಪಳಗಿದೆ. ಮಗುವಿಗೆ ಅಷ್ಟು ಸಣ್ಣ ಗೀಟು ಲೆಕ್ಕಕ್ಕೇ ಬರುವುದಿಲ್ಲ. ತಟ್ಟೆಯನ್ನು ಯಾವ ಕಡೆ ತಿರುಗಿಸಿದರೂ ಅದು ತಟ್ಟೆಯೇ ಅಂತ ಕಲಿತ ಮಗುವಿಗೆ, ಅಕ್ಷರಕ್ಕೆ ಒಂದು ಚುಕ್ಕಿ ಬಿದ್ದರೆ ಹೆಸರೇ ಬದಲಾಗುತ್ತದೆ ಅನ್ನುವುದು ಹೊಸ ವಿಷಯ. ಪ ಗಟ್ಟಿಯಾಗಿ ಕೂತ ಮೇಲೆ, ಒಂದೆರಡು ತಿಂಗಳು ಕಳೆದು ಷ ಬರಲಿ. ಆಗ ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕಿಸಿದರೆ ಅದೇ ಒಂದು ಆಟ.

ಬೆರಳಿನ ಮಾತೂ ಇಲ್ಲೇ ಬರಬೇಕು. ವಿಜಯದಶಮಿಯ ದಿನ ಶೃಂಗೇರಿಯಂಥ ಕಡೆ ಅಕ್ಷರಾಭ್ಯಾಸ ನೋಡಿದವರಿಗೆ ಗೊತ್ತು: ತಟ್ಟೆ ತುಂಬ ಅಕ್ಕಿ, ಅಪ್ಪನ ತೊಡೆಯ ಮೇಲೆ ಮಗು, ಅಪ್ಪನ ಕೈಯೊಳಗೆ ಮಗುವಿನ ತೋರುಬೆರಳು. 1907ರಲ್ಲಿ ರೋಮ್ ನಗರದಲ್ಲಿ ಬಡಮಕ್ಕಳಿಗಾಗಿ ಮನೆಶಾಲೆ ತೆರೆದ ಮರಿಯಾ ಮಾಂಟೆಸರಿ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿ, ಮಕ್ಕಳಿಂದ ಬೆರಳಾಡಿಸಿ, ಜೊತೆಗೇ ಅದರ ಸದ್ದು ಹೇಳಿಸುತ್ತಿದ್ದರು. 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನು ಅವರು ನಮ್ಮ ದೇಶದಲ್ಲೇ ಕಳೆದರು. ಅಕ್ಕಿಯಾಗಲಿ ಉಪ್ಪುಕಾಗದವಾಗಲಿ, ಬೆರಳು ಓಡಾಡಿದ ದಾರಿ ಕಣ್ಣಿಗೂ ನೆನಪಿರುತ್ತದೆ. ನಮ್ಮಲ್ಲಿ ಅಕ್ಕಿಯ ತಟ್ಟೆ ಹಬ್ಬದ ದಿನ ಒಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಮಾರನೇ ದಿನದಿಂದ ಪೆನ್ಸಿಲ್ಲು, ಕಾಪಿಪುಸ್ತಕ, ಒಂದು ಪುಟ ಅ, ಒಂದು ಪುಟ ಆ. ಮೂರು ವರ್ಷದ ಎಳೆ ಬೆರಳು ಅಷ್ಟು ಹೊತ್ತು ಪೆನ್ಸಿಲ್ ಹಿಡಿದರೆ ನೋಯುತ್ತದೆ. ರವೆ, ಮರಳು, ಅಂಗಳದ ಮಣ್ಣು ಇನ್ನೊಂದೆರಡು ವರ್ಷ ಇರಲಿ.

ಎಲ್ಲಕ್ಕಿಂತ ಬೇಗ ಹತ್ತುವುದು ಮಗುವಿನ ಹೆಸರಿನ ಅಕ್ಷರ. ನನ್ನ ತಂಗಿಯ ಮಗಳ ಹೆಸರು ಮ ಇಂದ ಶುರು. ಅವಳಿಗೆ ಮ ಅಂದರೆ ಸ್ವಂತ ಆಸ್ತಿ. ಬಸ್ಸಿನ ಕಿಟಕಿಯಲ್ಲಿ ಮೂಗು ಒತ್ತಿ ಕೂತು, ಹೋಟೆಲಿನ ಬೋರ್ಡಿನಲ್ಲಿ ‘ಮಸಾಲೆ ದೋಸೆ’ ಕಂಡರೆ ‘ದೊಡ್ಡಮ್ಮ, ನನ್ನ ಮ!’ ಅಂತ ಕೂಗುತ್ತಾಳೆ. ಒಂದು ದಿನ ಮಿಠಾಯಿ ಅಂಗಡಿಯ ಮುಂದೆ ಬಸ್ಸು ನಿಂತಿತು. ಬಹಳ ಹೊತ್ತು ನೋಡಿ, ‘ಇದು ನನ್ನದೇ, ಆದ್ರೆ ತಲೆ ಬೇರೆ ಥರ ಇದೆ’ ಅಂದಳು. ತಲಕಟ್ಟು ಹೋಗಿ ಗುಡಿಸು ಬಂದದ್ದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಳು! ಕಾಗುಣಿತದ ಬಾಗಿಲು ಅವಳಿಗೆ ಅಲ್ಲಿ ತೆರೆಯಿತು. ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು ಎಂದು 2024ರಲ್ಲಿ ಕಾನೂನು ಗಟ್ಟಿಯಾದಾಗ ದೊಡ್ಡವರು ಏನೇನೋ ವಾದ ಮಾಡಿದರು. ನನಗೆ ಹೊಳೆದದ್ದು ಇಷ್ಟೇ: ಬಸ್ಸಿನಲ್ಲಿ ಕೂತ ಮಕ್ಕಳಿಗೆ ಊರೇ ಬಾಲಬೋಧೆಯಾಯಿತು.

ಕನ್ನಡದ ಮಕ್ಕಳಿಗೆ ಇನ್ನೊಂದು ಪುಣ್ಯವಿದೆ. ಇಂಗ್ಲಿಷಿನ ‘ಏಚ್’ ಅನ್ನುವ ಹೆಸರಿನೊಳಗೆ ಹ ಎಂಬ ಸದ್ದೇ ಇಲ್ಲ. ನಮ್ಮ ಹ ಎಲ್ಲಿದ್ದರೂ ಹ ಅಂತಲೇ ಕರೆಸಿಕೊಳ್ಳುತ್ತದೆ. ಹೆಸರು ಕಲಿತರೆ ಸದ್ದೂ ಕಲಿತಂತೆ. ಆದರೆ ಗುಣಿತ, ಒತ್ತು ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ಅಕ್ಷರಜ್ಞಾನ ಪೂರ್ತಿಯಾಗಲು ಮೂರನೇ, ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂದೇ ಹೇಳುತ್ತದೆ. ಹೀಗಿರುವಾಗ ಎಲ್‌ಕೆಜಿ ಸೀಟಿಗೆಂದು ಮೂರೂವರೆ ವರ್ಷದ ಕೂಸನ್ನು ಕೂರಿಸಿ ಅಕ್ಷರ ತಪ್ಪಿದ್ದಕ್ಕೆ ಗದರುವುದು ಅನ್ಯಾಯ.

ಪೇಪರು ಬರುವ ಮನೆಯ ಮಗು ಹೇಗೋ ಕಲಿಯುತ್ತದೆ. ನನ್ನ ಮನಸ್ಸಿರುವುದು ಪೇಪರು, ಪುಸ್ತಕ ಇಲ್ಲದ ಮನೆಯ ಮಕ್ಕಳ ಮೇಲೆ. ಅವರ ಪಾಲಿಗೆ ಅಂಗನವಾಡಿಯೇ ಮೊದಲ ಗ್ರಂಥಾಲಯ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಿಂದ ಶುರುವಾದ ಆ ವ್ಯವಸ್ಥೆ ಈಗ ಊರೂರಿನಲ್ಲಿದೆ. ಅಲ್ಲಿನ ಟೀಚರಮ್ಮನಿಗೆ ನನ್ನದೊಂದು ಕೋರಿಕೆ: ಚೀಲ ನೇತುಹಾಕುವ ಪ್ರತಿ ಮೊಳೆಯ ಮೇಲೂ ಆ ಮಗುವಿನ ಹೆಸರನ್ನು ದಪ್ಪವಾಗಿ ಬರೆದು ಅಂಟಿಸಿ. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಮೊದಲು ಮಗು ತನ್ನ ಹೆಸರು ಹುಡುಕುತ್ತದೆ, ಆಮೇಲೆ ಗೆಳೆಯನದು, ಆಮೇಲೆ ಆ ದಿನ ಬಾರದವರದು. ಇಪ್ಪತ್ತು ಮಕ್ಕಳಿದ್ದರೆ ಇಪ್ಪತ್ತು ಹೆಸರು, ವರ್ಣಮಾಲೆಯ ಒಳ್ಳೆಯ ಪಾಲು ಆ ಗೋಡೆಯ ಮೇಲೇ ಸಿಗುತ್ತದೆ. ಸಾಲು ಮಾತ್ರ ಮಕ್ಕಳ ಗೆಳೆತನದ್ದು.